ಬೀಟ್ ಸಿಕ್ತು, ಸಂಕಮ್ಮ ಸಿಗಲಿಲ್ಲ

ಕನ್ನಡದಲ್ಲಿ ‘ಆಲ್ಬಂ ಸಾಂಗ್’ ಅಂದ್ರೆ ಸಿನಿಮಾಕ್ಕೆ ಸೇರದ, ಯೂಟ್ಯೂಬ್‌ಗೆ ಅಂತಲೇ ಮಾಡಿದ ಒಂದೇ ಒಂದು ಹಾಡು. ಕ್ಯಾಸೆಟ್ ಕಾಲ ಮುಗಿದ ಮೇಲೂ ಹೆಸರು ಹಾಗೇ ಉಳ್ಕೊಂಡಿದೆ. ಇಂಥ ಹಾಡುಗಳಿಗೆ ವಿಮರ್ಶೆ ಬರೆಯೋರು ಕಡಿಮೆ, ಎಷ್ಟು ವ್ಯೂಸ್ ಬಂತು ಅನ್ನೋದೇ ವಿಮರ್ಶೆ. ಆದರೆ 2020ರ ಆಗಸ್ಟ್‌ನಲ್ಲಿ ಬಂದ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ಗೆ ಖಾರವಾದ ವಿಮರ್ಶೆಯೇ ಸಿಕ್ತು. ಅದನ್ನ ಮಾಡಿದವರು ಮಾದಪ್ಪನ ಒಕ್ಕಲು.

‘3 ಪೆಗ್’ ಹಾಡು, ಬಿಗ್ ಬಾಸ್ ಐದನೇ ಸೀಸನ್‌ನ ಗೆಲುವು ಇವೆಲ್ಲ ಆದ ಮೇಲೆ ಕನ್ನಡ ರ‍್ಯಾಪ್ ಅಂದ್ರೆ ಬಹಳ ಜನಕ್ಕೆ ಚಂದನ್ ಹೆಸರೇ ಮೊದಲು ನೆನಪಾಗ್ತಿತ್ತು. ಗಣೇಶನ ಹಬ್ಬದ ಹೊತ್ತಿಗೆ ಅವರು ಮಲೆ ಮಹದೇಶ್ವರರ ಜನಪದ ಹಾಡನ್ನ ರ‍್ಯಾಪ್ ಮಾಡಿ ಬಿಟ್ರು. ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ಅಶ್ಲೀಲವಾಗಿ ತೋರಿಸಿದ್ದಾರೆ ಅಂತ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬ್‌ನಿಂದ ಇಳೀತು.

ಸಿಟ್ಟು ಯಾಕಷ್ಟು ಅಂತ ಕೇಳೋರು ಶಿವರಾತ್ರಿಗೆ ಮುಂಚೆ ಕನಕಪುರದ ರಸ್ತೆ ನೋಡಬೇಕು. ರಾಮನಗರ, ಕನಕಪುರ, ಬೆಂಗಳೂರು ಕಡೆಯಿಂದ ಸಾವಿರಾರು ಜನ ನಡ್ಕೊಂಡು ಬಂದು, ಸಂಗಮದಲ್ಲಿ ಕಾವೇರಿ ದಾಟಿ, ಕಾಡಿನ ದಾರೀಲಿ ಬೆಟ್ಟಕ್ಕೆ ಹೋಗ್ತಾರೆ. ಅವರಿಗೆ ಸಂಕಮ್ಮ ಬರೀ ಕಥೆಯ ಪಾತ್ರ ಅಲ್ಲ, ಮನೆ ಮಗಳ ಥರ.

ಕಥೆ ಇಷ್ಟು. ಗಂಡ ನೀಲೇಗೌಡ ಬೇಟೆಗೆ ಹೊರಡೋ ಮುಂಚೆ, ತಪ್ಪು ನಡೆಯಲ್ಲ ಅಂತ ನನಗೆ ಭಾಷೆ ಕೊಡು ಅಂತಾನೆ. ಅವಳು ಕೊಡಲ್ಲ. ಚಿತ್ರಹಿಂಸೆ ಕೊಟ್ಟು ಕೂಡಿ ಹಾಕ್ತಾನೆ. ಜಂಗಮನ ವೇಷದಲ್ಲಿ ಬಂದ ಮಾದಪ್ಪ ಅವಳನ್ನ ಬಿಡಿಸಿ, ಮಕ್ಕಳ ವರ ಕೊಡ್ತಾನೆ. ಆ ಮಕ್ಕಳೇ ಕಾರಯ್ಯ, ಬಿಲ್ಲಯ್ಯ. ಅಂದ್ರೆ ಇಡೀ ಕಥೆ ನಿಂತಿರೋದೇ ಹೆಂಡತಿಯ ಮೇಲೆ ಗಂಡ ಪಟ್ಟ ಅನುಮಾನದ ಮೇಲೆ. ಅವಳನ್ನೇ ಕಣ್ಣು ಸೆಳೆಯೋ ಗ್ಲಾಮರ್‌ಗೆ ಬಳಸಿಕೊಂಡ್ರೆ ಏನಾಗುತ್ತೆ? ಭಕ್ತಿ ಪಕ್ಕಕ್ಕಿಡಿ, ಕಥೆ ಓದೋದ್ರಲ್ಲೇ ಎಡವಿದ ಹಾಗೆ.

ಹಾಗಂತ ಜನಪದವನ್ನ ಮುಟ್ಟಲೇಬಾರದು ಅಂತೇನಿಲ್ಲ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಇದೇ ಕೋಲುಮಂಡೆಯನ್ನ ಸಿನಿಮಾಗೆ ತಂದರು, ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಹಿಪ್‌ಹಾಪ್ ಹುಟ್ಟಿದ್ದೇ ಹಳೇದನ್ನ ಎತ್ತಿಕೊಂಡು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಮಾಡಿದ್ದು ಹಳೇ ರೆಕಾರ್ಡುಗಳ ಡ್ರಮ್ ತುಣುಕುಗಳನ್ನ ಉದ್ದ ಮಾಡಿ ಜನರನ್ನ ಕುಣಿಸೋ ಕೆಲಸ. ಆದರೆ ಆ ಡಿಜೆಗಳು ತಮ್ಮ ರೆಕಾರ್ಡುಗಳನ್ನ ಅರೆದು ಕುಡಿದಿದ್ದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಬೇರೆಯವರ ಕೋಡ್ ಫೋರ್ಕ್ ಮಾಡಿ, ಆದರೆ ರೀಡ್‌ಮೀ ಓದಿ ಮಾಡಿ!

ವಿಡಿಯೊ ಇಳಿದ ಮೇಲೆ ಸಿಟ್ಟು ತಣ್ಣಗಾಯ್ತು, ಜೊತೆಗೆ ಮಾತೂ ನಿಂತ್ಹೋಯ್ತು. ನನಗೆ ಬೇಜಾರು ಅದಕ್ಕೇ. ರಾಮನಗರದ ಹೆದ್ದಾರಿ ಪಕ್ಕ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಬೆಂಗಳೂರಿನ ಸ್ಟುಡಿಯೊಗಳಿಂದ ಅಂಥಾ ದೂರ ಏನಲ್ಲ. ಕಂಸಾಳೆಯವರ ಹಾಡುಗಾರಿಕೆ ಕೇಳಿ: ಒಬ್ಬರು ಮಾತಿಗೂ ಹಾಡಿಗೂ ನಡುವೆ ಓಡಾಡ್ತಾರೆ, ಹಿಂದಿನವರು ಸೊಲ್ಲು ಹಿಡೀತಾರೆ, ಕಂಚಿನ ತಾಳ ಬೀಟ್ ಕೊಡುತ್ತೆ. ಅರ್ಧ ರ‍್ಯಾಪ್ ಅಲ್ಲೇ ಇದೆ. ಭಾಷೆ ಕೊಡಲ್ಲ ಅಂತ ಗಂಡನ ಮುಖಕ್ಕೇ ಹೇಳಿದ ಆ ಗಳಿಗೆಯನ್ನ ಯಾವಳಾದ್ರೂ ಹುಡುಗಿ ಸಂಕಮ್ಮನ ಬಾಯಲ್ಲೇ ರ‍್ಯಾಪ್ ಮಾಡಲಿ, ಬಿಡುಗಡೆಯಾದ ದಿನವೇ ಕೇಳ್ತೀನಿ.