ಒಂದಂಗುಲದ ಆಸೆ

ಹುಣಸೂರು ರಸ್ತೆ ಹಾಗೂ ವರ್ತುಲ ರಸ್ತೆ ಕೂಡುವ ಹಿನಕಲ್‌ನಲ್ಲಿ ವಾಹನಗಳಿಗೆ ಬರವಿಲ್ಲ. ಆದರೂ ಆ ಸಂದಣಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದು ನೆಲಕ್ಕೆ ಅಂಟಿಕೊಂಡಂತೆ ಹಾದುಹೋದರೆ ತಿರುಗಿ ನೋಡದವರು ಯಾರು? ಜಾವಾ, ಯೆಜ್ಡಿಗಳನ್ನು ನಾಡಿಗೆ ಕೊಟ್ಟ ಊರಿದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಹಳೆಯ ಗಾಡಿಗಳ ಮೋಹ ಆರಿಲ್ಲ. ಆ ಮೋಹ ಕಾರಿನತ್ತ ತಿರುಗಿದರೆ ಹುಟ್ಟುವ ಆಸೆ ಒಂದೇ: ‘ಇನ್ನೂ ಸ್ವಲ್ಪ ತಗ್ಗಿಸಿದರೆ?’

ಆಸೆಗೆ ಅರ್ಥವಿದೆ. ಕಾರಿನ ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ. ಇಂಗ್ಲೆಂಡಿನ ಎಂಜಿಬಿ ಕಾರಿನ ಕಥೆಯನ್ನೇ ನೋಡಿ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಈ ಕಾರಿಗೆ 1974ರಲ್ಲಿ ಅಮೆರಿಕದ ಕಾನೂನಿಗೆ ತಕ್ಕಂತೆ ದಪ್ಪ ರಬ್ಬರಿನ ಬಂಪರ್ ಬಂತು. ಬಂಪರಿನ ಎತ್ತರ ಸರಿಹೋಗಲೆಂದು ಕಾರನ್ನೇ ಸುಮಾರು ಒಂದಂಗುಲ ಎತ್ತರಿಸಲಾಯಿತು. ಅಷ್ಟಕ್ಕೇ ತಿರುವಿನಲ್ಲಿ ಅದರ ಹಿಡಿತ ಕೆಟ್ಟಿತೆಂದು ಅಭಿಮಾನಿಗಳು ಮುನಿಸಿಕೊಂಡರು. ಅಂದಿನಿಂದ ಅದನ್ನು ಮತ್ತೆ ತಗ್ಗಿಸುವ ಬಿಡಿಭಾಗಗಳಿಗೆ ದೊಡ್ಡ ಮಾರುಕಟ್ಟೆಯೇ ಬೆಳೆಯಿತು.

ಕೆಲಸ ಕೇಳಲು ಸರಳ. ಮುಂದಿನ ಚಕ್ರಗಳಿಗೆ ಗಿಡ್ಡವಾದ, ಹೆಚ್ಚು ಬಿಗಿಯಾದ ಸುರುಳಿ ಸ್ಪ್ರಿಂಗ್. ಹಿಂದೆ ಆಕ್ಸಲ್‌ಗೂ ಕಮಾನು ಪಟ್ಟಿಗೂ ನಡುವೆ ಲೋಹದ ಗಟ್ಟಿ, ಅದಕ್ಕೆ ತಕ್ಕ ಉದ್ದದ ಯು-ಬೋಲ್ಟುಗಳು. ಸ್ಪ್ರಿಂಗ್ ಬಿಗಿಯಾದರೆ ಶಾಕ್ ಅಬ್ಸಾರ್ಬರ್ ಕೂಡ ಅದನ್ನು ತಡೆಯುವಷ್ಟು ಗಟ್ಟಿಯಾಗಿರಬೇಕು. ಇಲ್ಲವಾದರೆ ಕಾರು ಕುಣಿಯುತ್ತಲೇ ಇರುತ್ತದೆ. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು. ಮಾಡಿಸದಿದ್ದರೆ ಟೈರುಗಳು ಒಂದೇ ಬದಿ ಸವೆಯುತ್ತವೆ.

ಖರ್ಚು ಉಳಿಸಲು ಕೆಲವರು ಇದ್ದ ಸ್ಪ್ರಿಂಗನ್ನೇ ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದುಂಟು. ಇದು ಅಪಾಯ. ಕಾದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ದಿನ ಕಳೆದಂತೆ ಇನ್ನೂ ಕುಸಿಯಬಹುದು, ಇಲ್ಲವೇ ಓಡುವಾಗಲೇ ಮುರಿಯಬಹುದು.

ಎಷ್ಟು ತಗ್ಗಿಸಬಹುದು? ಉತ್ತರ ಹೇಳುವುದು ಗ್ಯಾರೇಜಲ್ಲ, ರಸ್ತೆ. ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅದರ ಬೆನ್ನು 17 ಮೀಟರ್ ತ್ರಿಜ್ಯದ ವೃತ್ತದ ತುಣುಕು. ಎಂಜಿಬಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ ಸುಮಾರು 2.3 ಮೀಟರ್. ಇಂಥ ಹಂಪಿನ ನಡುವೆ ಕಾರು ನಿಂತರೆ ಹೊಟ್ಟೆಯ ಕೆಳಗೆ ಬೇಕಾಗುವ ಜಾಗ ಬರೀ 4 ಸೆಂ.ಮೀ.! ಕಾರಿನ ಹೊಟ್ಟೆ ನೆಲದಿಂದ 12.5 ಸೆಂ.ಮೀ. ಮೇಲಿದೆ ಎಂದಿಟ್ಟುಕೊಳ್ಳಿ. ಎರಡಂಗುಲ ತಗ್ಗಿಸಿದರೂ 7.5 ಸೆಂ.ಮೀ. ಉಳಿಯುತ್ತದೆ, ನಿಧಾನವಾಗಿ ದಾಟಬಹುದು.

ಆದರೆ ನಮ್ಮ ಬಡಾವಣೆಗಳ ಹಂಪುಗಳೆಲ್ಲ ಪುಸ್ತಕ ಓದಿ ಹುಟ್ಟಿದವೇ? ರಾತ್ರೋರಾತ್ರಿ ಮನೆ ಮುಂದೆ ಎದ್ದ, ಮೊಳದಗಲದ ಸಿಮೆಂಟಿನ ಗುಡ್ಡೆ ಅದೇ 10 ಸೆಂ.ಮೀ. ಇದ್ದರೆ ಪೂರಾ 10 ಸೆಂ.ಮೀ. ಜಾಗ ಬೇಕು. ಎರಡಂಗುಲ ತಗ್ಗಿದ ಕಾರಿನ ಸೈಲೆನ್ಸರೋ ಆಯಿಲ್ ಸಂಪೋ ಅಲ್ಲಿಗೆ ಬಲಿ. ಒಂದೇ ಅಂಗುಲ ತಗ್ಗಿಸಿದ್ದರೆ ಬಹುಶಃ ಕೂದಲೆಳೆಯಲ್ಲಿ ಪಾರು, ಅದೂ ಸ್ಪ್ರಿಂಗ್ ಕುಗ್ಗದಿದ್ದರೆ.

ಕಾನೂನೂ ಕಾದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ಸ್ವರೂಪದಿಂದ ವಾಹನವನ್ನು ಬದಲಿಸುವುದಕ್ಕೆ ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಐವತ್ತು ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಕೊಡುವ 2021ರ ನಿಯಮವೂ ಮೂಲ ರೂಪ ಉಳಿದಿರಬೇಕೆನ್ನುತ್ತದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಬಿಚ್ಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಟ್ಟರೆ ಇನ್ನೂ ಲೇಸು.

ಕಾರನ್ನು ಒಂದೇ ದಿನದಲ್ಲಿ ತಗ್ಗಿಸಬಹುದು. ಹಂಪನ್ನು ತಗ್ಗಿಸುವವರು ಯಾರು?