ಇಂಗ್ಲಿಷ್ ಪದ್ಯಪಾಠದಲ್ಲಿ ನಮ್ಮ ಅಲಂಕಾರಶಾಸ್ತ್ರ

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪದ್ಯವನ್ನು ಬೋಧಿಸುವಾಗ ‘ಸಿಮಿಲಿ’, ‘ಮೆಟಫರ್’ ಮೊದಲಾದ ಹೆಸರುಗಳನ್ನು ಬಾಯಿಪಾಠ ಮಾಡಿಸುವುದು ವಾಡಿಕೆ. ‘ಲೈಕ್’ ಎಂಬ ಪದ ಕಂಡೊಡನೆ ವಿದ್ಯಾರ್ಥಿಯು ಸಿಮಿಲಿ ಎಂದು ಬರೆಯುತ್ತಾನೆ, ಅಂಕವೂ ದೊರೆಯುತ್ತದೆ. ಕವಿ ಏನನ್ನು ಏತಕ್ಕೆ ಹೋಲಿಸಿದನೆಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ. ಅದೇ ಹುಡುಗನಿಗೆ ಕನ್ನಡ ಪಂಡಿತರು ಉಪಮಾಲಂಕಾರವನ್ನು ಆಗಲೇ ಕಲಿಸಿರುತ್ತಾರೆ. ಎರಡೂ ಒಂದೇ ವಿಷಯವೆಂದು ಅವನಿಗೆ ಹೇಳುವವರಿಲ್ಲ. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆಂದು ಕೊರಗುವ ನಾವು, ಅವರ ಕೈಯಲ್ಲೇ ಇರುವ ಈ ಸಾಧನವನ್ನು ಬಳಸದೆ ಬಿಟ್ಟಿದ್ದೇವೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೂರನೆಯ ಪರಿಚ್ಛೇದವೇ ಅರ್ಥಾಲಂಕಾರಗಳಿಗೆ ಮೀಸಲು. ನಮ್ಮಲ್ಲಿ ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಉಪಮಾವಾಚಕ, ಸಾಧಾರಣ ಧರ್ಮ. ಇಂಗ್ಲಿಷ್ ಪದ್ಯದಲ್ಲಿ ನಮ್ಮ ಮಕ್ಕಳು ಎಡವುವುದು ಈ ಕೊನೆಯದರಲ್ಲಿ. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ 18ನೆಯ ಸಾನೆಟ್ಟನ್ನು ನೋಡಿರಿ. ಅಲ್ಲಿ ಮಿತ್ರನಿಗೆ ಬೇಸಗೆಯ ಹಗಲಿನ ಹೋಲಿಕೆ ಬಂದಿದೆ. ಕಾಸರಗೋಡಿನ ಹುಡುಗನಿಗೆ ಬೇಸಗೆಯೆಂದರೆ ಬೆವರು, ತಳ ಕಂಡ ಬಾವಿ. ಇದು ಹೊಗಳಿಕೆಯೋ ಬೈಗುಳವೋ ಎಂದು ಅವನು ಕೇಳಿದರೆ ತಪ್ಪಿಲ್ಲ. ಲಂಡನ್ನು ಇರುವುದು ಉತ್ತರ 51 ಡಿಗ್ರಿಗಳಾಚೆ, ನಾವು 12½ರ ಆಸುಪಾಸಿನಲ್ಲಿ. ದೀರ್ಘವಾದ ಚಳಿಗಾಲವನ್ನು ಕಳೆದ ಆ ಜನಕ್ಕೆ ಬೇಸಗೆ ಹಿತವಾದ ಕಾಲ. ಆದುದರಿಂದ ಇಲ್ಲಿಯ ಸಾಧಾರಣ ಧರ್ಮ ತಾಪವಲ್ಲ, ಸೌಮ್ಯತೆ. ಅಷ್ಟಕ್ಕೇ ನಿಲ್ಲದೆ ಕವಿ, ಆ ಹಗಲಿಗಿಂತಲೂ ಮಿತ್ರನೇ ಮೇಲೆಂದು ಸಾಧಿಸುತ್ತಾನೆ. ಉಪಮೇಯವು ಉಪಮಾನವನ್ನು ಮೀರಿದರೆ ಅದು ವ್ಯತಿರೇಕವೆಂದು ಕನ್ನಡ ಕಲಿತವನು ಹೇಳಬಲ್ಲನು. ಸಿಮಿಲಿ ಎಂದಷ್ಟೇ ಕಲಿತವನು ಹೇಳಲಾರನು!

ಬಿಸಿ ತಂಪುಗಳ ಮಾತೂ ಹೀಗೆಯೇ. ಇಂಗ್ಲಿಷರ ಆದರದ ಸ್ವಾಗತ ‘ವಾರ್ಮ್’; ನಮ್ಮ ಅಜ್ಜಿಯರ ಹರಕೆ ‘ಹೊಟ್ಟೆ ತಣ್ಣಗಿರಲಿ’ ಎಂದು.

ಆದರೆ ಹೆಸರಿಗೆ ಹೆಸರು ಕೂಡಿಸುವಾಗ ಎಚ್ಚರ ಬೇಕು. ಮೆಟಫರನ್ನು ರೂಪಕವೆಂದರೆ ಬಹುಮಟ್ಟಿಗೆ ಸಲ್ಲುತ್ತದೆ. ಮಗುವಿನ ಹೆಸರನ್ನೇ ಎತ್ತದೆ ‘ಅಂಗಳಕ್ಕೆ ಚಂದ್ರ ಬಂದ’ ಎಂದರೂ ಇಂಗ್ಲಿಷಿನವರಿಗೆ ಅದು ಮೆಟಫರೇ. ನಮ್ಮ ಶಾಸ್ತ್ರಕಾರರು ಅದನ್ನು ಅತಿಶಯೋಕ್ತಿಯ ಒಂದು ಭೇದವೆಂದು ಎಣಿಸುತ್ತಾರೆ. ‘ಹೈಪರ್‌ಬೊಲಿ’ಗೂ ಅತಿಶಯೋಕ್ತಿಯೆಂಬ ಒಂದೇ ಹೆಸರು ಕೊಟ್ಟು ಮುಗಿಸಿದರೆ ಹುಡುಗನಿಗೆ ತೊಡಕು ತಪ್ಪದು.

‘ರೈಮ್’ ಎಂಬುದು ಅಂತ್ಯಪ್ರಾಸ. ಪಾದದ ಎರಡನೆಯ ಅಕ್ಷರವನ್ನು ಹಿಡಿದು ನಡೆಯುವ ನಮ್ಮ ಆದಿಪ್ರಾಸವಲ್ಲ. ಈ ಆದಿಪ್ರಾಸವನ್ನು 1911ರಲ್ಲಿ ಕೈಬಿಟ್ಟ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರೇ. ಅಲ್ಲಿಂದ ಪಾಠವನ್ನು ತೊಡಗಿ, ಬಿ. ಎಂ. ಶ್ರೀಕಂಠಯ್ಯನವರ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ಒಂದೆರಡು ಕವನಗಳನ್ನು ಮೂಲದ ಮಗ್ಗುಲಲ್ಲಿಟ್ಟು ಓದಿಸಿದರೆ, ಇಬ್ಬರು ಅಧ್ಯಾಪಕರಿಗೂ ಸೇರಿ ಒಂದು ವಾರದ ಕೆಲಸವಾದೀತು.