ಕೆಟ್ಟ ಬಂಡಿಯನ್ನು ಹೊತ್ತು ತರುವ ಬಂಡಿ

ಪಾಂಡವಪುರದಿಂದ ನಾಗಮಂಗಲದ ದಾರಿ ಹಿಡಿದು ಬಂದವರು ಜಕ್ಕನಹಳ್ಳಿಯಲ್ಲಿ ತಿರುಗಿ ಮೇಲುಕೋಟೆಯ ಬೆಟ್ಟವನ್ನು ಏರಬೇಕು. ಫಾಲ್ಗುಣದಲ್ಲಿ ವೈರಮುಡಿ ಉತ್ಸವ ಬಂದಿತೆಂದರೆ ಈ ಏರಿನಲ್ಲಿ ಬಸ್ಸು, ಕಾರು, ವ್ಯಾನುಗಳ ಸಾಲು ತೆವಳುತ್ತ ಸಾಗುತ್ತದೆ. ನಿಂತು ನಿಂತು ಹೊರಡುವ ಇಂಥ ಏರಿನಲ್ಲಿ ಯಾವುದಾದರೊಂದು ಕಾರಿನ ನೀರು ಕುದಿಯುವುದು, ಕ್ಲಚ್ಚು ಸುಡುವುದು ಅಪರೂಪವಲ್ಲ. ಒಂದು ಕಾರು ನಿಂತಿತೆಂದರೆ ಹಿಂದಿನ ನೂರು ಬಂಡಿಗಳೂ ನಿಂತಂತೆಯೇ. ಆಗ ಎಲ್ಲರೂ ಹುಡುಕುವುದು ಬೆನ್ನಿನ ಮೇಲೆ ಕೊಕ್ಕೆಯನ್ನೂ ಉಕ್ಕಿನ ಹಗ್ಗವನ್ನೂ ಹೊತ್ತ ಟೋಯಿಂಗ್ ಲಾರಿಯನ್ನು. ಈ ಲಾರಿಯ ಉಪಕರಣಗಳೇನು, ಅವುಗಳ ಹಿಂದಿರುವ ಭೌತಶಾಸ್ತ್ರವೇನು ಎಂಬುದನ್ನು ನಾವಿಲ್ಲಿ ಪರಿಶೀಲಿಸೋಣ.

ಕಾರಿನ ತೂಕ 1,200 ಕಿಲೋಗ್ರಾಂ, ರಸ್ತೆಯ ಏರು ಹತ್ತಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಇಳಿಜಾರಿನ ಗುಂಟ ಕಾರನ್ನು ಕೆಳಕ್ಕೆ ಸೆಳೆಯುವ ಬಲ ತೂಕದ ಹತ್ತನೆಯ ಒಂದು ಪಾಲು, ಎಂದರೆ 120 ಕಿಲೋಗ್ರಾಂ ಭಾರದಷ್ಟು. ಗಾಲಿಗಳು ಉರುಳುವಾಗ ಒದಗುವ ತಡೆಗೆ ಇನ್ನೊಂದು 20 ಸೇರಿಸಿದರೂ ಮೊತ್ತ 140ನ್ನು ಮೀರುವುದಿಲ್ಲ. ಐದಾರು ಮಂದಿ ಮೈಕೊಟ್ಟು ನೂಕಿದರೆ ಕಾರು ಏರೀತು. ಹಾಗಾದರೆ ಎಳೆಯುವುದು ದೊಡ್ಡ ಮಾತಲ್ಲ. ನೂಕುವವರ ಕೈ ಸೋತ ಕ್ಷಣದಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದು ಯಾವುದು? ಪ್ರಶ್ನೆ ಇರುವುದು ಇಲ್ಲಿ. ತೇರನ್ನು ಎಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಮುಂದೆ ನೂರಾರು ಜನ ಹಗ್ಗ ಹಿಡಿದಿದ್ದರೂ ತೇರಿನ ಓಟವನ್ನು ಅಂಕೆಯಲ್ಲಿಡುವವರು ಗಾಲಿಯ ಪಕ್ಕದಲ್ಲಿ ಮರದ ಬೆಣೆ ಹಿಡಿದು ನಡೆಯುವ ಕೆಲವೇ ಮಂದಿ. ಟೋಯಿಂಗ್ ಲಾರಿಯಲ್ಲಿ ಎಳೆಯುವ ಅಂಗ ಒಂದಾದರೆ, ಹಿಡಿಯುವ ಅಂಗಗಳು ಹತ್ತು.

ಈ ಬಗೆಯ ಲಾರಿ ಹುಟ್ಟಿದ ಕಥೆ ಸ್ವಾರಸ್ಯವಾದುದು. ಅಮೆರಿಕದ ಚಟ್ಟನೂಗ ನಗರದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬಾತ ಒಂದು ಗ್ಯಾರೇಜು ನಡೆಸುತ್ತಿದ್ದ. 1916ರಲ್ಲಿ ಆತನ ಪರಿಚಯದವರೊಬ್ಬರ ಫೋರ್ಡ್ ಕಾರು ಹಳ್ಳಕ್ಕೆ ಉರುಳಿತು. ಹಗ್ಗ, ಮರದ ದಿಮ್ಮಿಗಳ ನೆರವಿನಿಂದ ಅದನ್ನು ಮೇಲಕ್ಕೆ ತರಲು ಆರು ಜನಕ್ಕೆ ಎಂಟು ಗಂಟೆ ಹಿಡಿಯಿತಂತೆ. ಬೇಸತ್ತ ಹೋಮ್ಸ್ ಹಳೆಯ ಕ್ಯಾಡಿಲಾಕ್ ಕಾರೊಂದರ ಹಿಂಭಾಗದಲ್ಲಿ ಮೂರು ಕಂಬ ನಿಲ್ಲಿಸಿ, ಒಂದು ರಾಟೆ ಕಟ್ಟಿ, ಸರಪಣಿ ಇಳಿಬಿಟ್ಟ. ಆ ನಗರದಲ್ಲಿ ಈಗ ಟೋಯಿಂಗ್ ವಾಹನಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ನಮ್ಮಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಉಪಕರಣ ಬರಿಯ ಹಗ್ಗ. ಸಮನೆಲದಲ್ಲಿ, ಮೆಲ್ಲಗೆ, ಸ್ವಲ್ಪ ದೂರಕ್ಕಾದರೆ ಇದು ಸಾಕು. ಆದರೆ ಹಗ್ಗಕ್ಕೆ ಒಂದು ದೊಡ್ಡ ಕೊರತೆಯುಂಟು: ಅದು ಎಳೆಯಬಲ್ಲುದು, ತಳ್ಳಲಾರದು. ಮೇಲುಕೋಟೆಯಿಂದ ಜಕ್ಕನಹಳ್ಳಿಗೆ ಇಳಿಯುವಾಗ ಮುಂದಿನ ಲಾರಿ ಬ್ರೇಕು ಹಾಕಿದರೆ ಹಗ್ಗ ಸಡಿಲಗೊಳ್ಳುತ್ತದೆ; ಹಿಂದಿನ ಕಾರು ನೇರವಾಗಿ ಲಾರಿಯ ಬೆನ್ನಿಗೆ ಹೋಗಿ ಬಡಿಯುತ್ತದೆ. ಕಾರಿನಲ್ಲಿ ಕುಳಿತವನು ಬ್ರೇಕು ಒತ್ತಬಹುದಲ್ಲ ಎಂದು ವಾಚಕರು ಕೇಳಬಹುದು. ಇಂದಿನ ಬಹುತೇಕ ಕಾರುಗಳಲ್ಲಿ ಬ್ರೇಕಿನ ಪೆಡಲಿಗೆ ನೆರವಾಗುವ ನಿರ್ವಾತ ಒದಗುವುದು ಓಡುತ್ತಿರುವ ಇಂಜಿನಿನಿಂದ. ಇಂಜಿನ್ ಸತ್ತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಆ ನೆರವು ಬರಿದಾಗಿ ಪೆಡಲು ಕಲ್ಲಿನಂತಾಗುತ್ತದೆ, ಸ್ಟಿಯರಿಂಗೂ ಭಾರವಾಗುತ್ತದೆ. ಎಳೆಯುವ ಬಂಡಿಗೂ ಎಳೆಸಿಕೊಳ್ಳುವ ಬಂಡಿಗೂ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರವಿರಕೂಡದೆಂದು 1989ರ ನಮ್ಮ ರಸ್ತೆ ನಿಯಮಾವಳಿಯೇ ವಿಧಿಸಿತು. ಅಂತರ ಕಿರಿದಾದರೆ ನಡುವೆ ಯಾರೂ ನುಗ್ಗಲಾರರು, ನಿಜ. ಇಳಿಜಾರಿನ ತೊಡಕು ಮಾತ್ರ ಹಾಗೆಯೇ ಉಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬೆಟ್ಟ ಇಳಿಯುವಾಗ ಹಗ್ಗವನ್ನು ಕೈಬಿಡುವುದೇ ಲೇಸು. ಎಳೆಯಲೂ ತಡೆಯಲೂ ಬಲ್ಲ ಗಟ್ಟಿ ಸರಳನ್ನು ನಡುವೆ ಜೋಡಿಸಬೇಕು, ಇಲ್ಲವೆ ಕಾರನ್ನು ಲಾರಿಯ ಮೇಲೆಯೇ ಏರಿಸಬೇಕು.

ಹಗ್ಗದ ಎರಡನೆಯ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಹಗ್ಗ ಸಡಿಲವಾಗಿರುವಾಗ ಲಾರಿ ಹೊರಟು, ಗಂಟೆಗೆ 5 ಕಿಲೋಮೀಟರ್ ವೇಗ ಪಡೆದ ಹೊತ್ತಿಗೆ ಹಗ್ಗ ಬಿಗಿಯಿತೆನ್ನೋಣ. ಇದು ನಡಿಗೆಯ ವೇಗ, ಅಷ್ಟೆ. 1,200 ಕಿಲೋಗ್ರಾಮಿನ ಕಾರಿಗೆ ಈ ವೇಗದಲ್ಲಿರುವ ಚಲನಶಕ್ತಿ ಸುಮಾರು 1,150 ಜೂಲ್. ಲಾರಿಯಿಂದ ನೋಡಿದರೆ ಕಾರೇ ಆ ವೇಗದಲ್ಲಿ ಹಿಂದಕ್ಕೆ ಹೋಗುತ್ತಿರುವಂತೆ ತೋರುತ್ತದೆಯಾದ್ದರಿಂದ, ಅಷ್ಟು ಶಕ್ತಿಯನ್ನೂ ಹಗ್ಗ ಹಿಗ್ಗಿ ನುಂಗಿಕೊಳ್ಳಬೇಕು. ಉಕ್ಕಿನ ಹಗ್ಗ 5 ಸೆಂಟಿಮೀಟರ್ ಮಾತ್ರ ಹಿಗ್ಗಿದರೆ ಅದರಲ್ಲಿ ಏಳುವ ಗರಿಷ್ಠ ಎಳೆತ ಹೆಚ್ಚು ಕಡಮೆ 4,700 ಕಿಲೋಗ್ರಾಂ ಭಾರ, ಕಾರಿನ ತೂಕದ ನಾಲ್ಕರಷ್ಟು! ಅದೇ ನೈಲಾನ್ ಹಗ್ಗ 50 ಸೆಂಟಿಮೀಟರ್ ಹಿಗ್ಗಿದರೆ ಎಳೆತ 470ಕ್ಕೆ ಇಳಿಯುತ್ತದೆ. ಅನುಭವಿ ಚಾಲಕನು ಮೊದಲು ಹಗ್ಗವನ್ನು ಅಂಗುಲ ಅಂಗುಲವಾಗಿ ಬಿಗಿಸಿಕೊಂಡು ಆಮೇಲೆ ಎಳೆಯುವುದು ಈ ಕಾರಣದಿಂದ.

ಆದರೆ ಹಿಗ್ಗುವ ಹಗ್ಗವು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಬಾಣ ಹೂಡಿದ ಬಿಲ್ಲಿನಂತೆ. ಕಾರಿನಲ್ಲಿ ಕೊಕ್ಕೆ ಸಿಕ್ಕಿಸಿದ ಜಾಗ ತುಕ್ಕು ಹಿಡಿದು ಕಿತ್ತುಬಂದರೆ ಆ ಶಕ್ತಿ ಎಲ್ಲಿ ಹೋಗಬೇಕು? ಮೇಲಿನ 1,150 ಜೂಲಿನಲ್ಲಿ ಅರ್ಧ ಮಾತ್ರ ಒಂದು ಕಿಲೋಗ್ರಾಂ ತೂಗುವ ಕೊಕ್ಕೆಗೆ ದಕ್ಕಿದರೂ ಅದು ಗಂಟೆಗೆ 120 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹಾರುತ್ತದೆ. ಹಗ್ಗದ ನಡುವೆ ಹಳೆಯ ಕಂಬಳಿಯನ್ನೋ ದಪ್ಪ ಗೋಣಿಯನ್ನೋ ಹೊದಿಸುವ ವಾಡಿಕೆ ಇರುವುದು ಹರಿದ ಹಗ್ಗದ ವೇಗವನ್ನು ತಗ್ಗಿಸಿ ನೆಲಕ್ಕೆ ಕೆಡವಲೆಂದು. ಬಿಗಿದ ಹಗ್ಗದ ನೇರದಲ್ಲಿ ನಿಂತು ತಮಾಷೆ ನೋಡುವ ಜನರಿಗೆ ಇದು ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು! ಹಗ್ಗದ ಉದ್ದಕ್ಕಿಂತಲೂ ದೂರದಲ್ಲಿ, ಅದೂ ಪಕ್ಕಕ್ಕೆ, ನಿಲ್ಲಬೇಕು.

ಹಳ್ಳಕ್ಕೆ ಬಿದ್ದ ಬಂಡಿಯನ್ನು ಮೇಲಕ್ಕೆ ಸೆಳೆಯಲು ವಿಂಚ್ ಬೇಕು. ಇದರ ಮುಖ್ಯ ಭಾಗ ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಒಂದು ಉರುಳೆ. ಎಷ್ಟೇ ಉದ್ದ ಹಗ್ಗ ಬಿಟ್ಟರೂ ಉರುಳೆಯ ಮೇಲೆ ಐದು ಸುತ್ತುಗಳಾದರೂ ಉಳಿದಿರಬೇಕೆಂಬುದು ಈ ಕೆಲಸದವರ ನಿಯಮ. ಏಕೆ ಐದು? ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಚಿಕ್ಕ ಹುಡುಗನೂ ಹೋರಿಯನ್ನು ಹಿಡಿದಾನು. ಹಳ್ಳಿಯಲ್ಲಿ ಬೆಳೆದವರೆಲ್ಲ ಇದನ್ನು ಬಲ್ಲರು. ಘರ್ಷಣೆಯ ಲಾಭ ಸುತ್ತಿನಿಂದ ಸುತ್ತಿಗೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ; ಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರವನ್ನು ಕೊಟ್ಟಿದ್ದಾನೆ. ಉಕ್ಕಿಗೂ ಉಕ್ಕಿಗೂ ನಡುವಣ ಘರ್ಷಣಾಂಕ 0.12 ಎಂದು ಹಿಡಿದರೆ, ಒಂದು ಸುತ್ತಿನಿಂದ ಎಳೆತ ಎರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಮೂರು ಸುತ್ತಿನಿಂದ ಹತ್ತರಲ್ಲಿ ಒಂದಕ್ಕೆ, ಐದು ಸುತ್ತಿನಿಂದ ನಲವತ್ತಮೂರರಲ್ಲಿ ಒಂದಕ್ಕೆ. ಹಗ್ಗದ ತುದಿಯನ್ನು ಉರುಳೆಗೆ ಬಿಗಿದಿರುವುದು ಒಂದು ಸಣ್ಣ ತಿರುಪು. ನಾಲ್ಕು ಟನ್ನಿನ ಎಳೆತದಲ್ಲಿ ಅದರ ಪಾಲಿಗೆ ಬರುವುದು ನೂರು ಕಿಲೋಗ್ರಾಮಿಗಿಂತ ಕಡಮೆ. ಹಗ್ಗವನ್ನು ಪೂರ್ತಿ ಬಿಟ್ಟುಬಿಟ್ಟರೆ ನಾಲ್ಕು ಟನ್ನೂ ಅದರ ಮೇಲೆಯೇ!

ಎಳೆಯುತ್ತಿರುವಾಗ ವಿಂಚಿನ ಮೋಟಾರು ನಿಂತುಹೋದರೆ ಉರುಳೆ ಹಿಂದಕ್ಕೆ ತಿರುಗಬಾರದು. ಇದಕ್ಕೆ ಹಲವು ಉಪಾಯಗಳುಂಟು. ಹಲ್ಲುಗಾಲಿಗೆ ಬೀಳುವ ಅಗುಳಿ ಹಳೆಯ ಉಪಾಯ. ಅದು ಗಾಲಿಯನ್ನು ಒಂದೇ ದಿಕ್ಕಿಗೆ ತಿರುಗಗೊಡುತ್ತದೆ. ಇನ್ನೊಂದು ವರ್ಮ್ ಗೇರು. ತಿರುಪಿನಂಥ ದಂಡವು ಹಲ್ಲುಗಾಲಿಯನ್ನು ತಿರುಗಿಸಬಲ್ಲುದು. ಆದರೆ ತಿರುಪಿನ ಓರೆ ಸಾಕಷ್ಟು ಕಡಮೆಯಾಗಿದ್ದರೆ ಹಲ್ಲುಗಾಲಿಯು ದಂಡವನ್ನು ತಿರುಗಿಸಲಾರದು, ಘರ್ಷಣೆ ಬಿಡುವುದಿಲ್ಲ. ಬೇರೆ ವಿಂಚುಗಳಲ್ಲಿ ಬ್ರೇಕನ್ನು ಸ್ಪ್ರಿಂಗು ಸದಾ ಒತ್ತಿ ಹಿಡಿದಿರುತ್ತದೆ; ಎಣ್ಣೆಯ ಒತ್ತಡ ಬಂದಾಗ ಮಾತ್ರ ಬ್ರೇಕು ಸಡಿಲುತ್ತದೆ. ಒತ್ತಡ ತಪ್ಪಿದರೆ ಬ್ರೇಕು ತಾನಾಗಿ ಬೀಳುತ್ತದೆ. ಈ ಕೊನೆಯ ಏರ್ಪಾಡನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ಕಾರಿನ ಮುಂದಿನ ಎರಡು ಗಾಲಿಗಳನ್ನು ಮಾತ್ರ ಎತ್ತಿ ಒಯ್ಯುವ ಲಾರಿಯಲ್ಲಿ ಸನ್ನೆಯ ತತ್ತ್ವವನ್ನು ಮರೆಯುವಂತಿಲ್ಲ. ಲಾರಿಯ ಎರಡು ಅಚ್ಚುಗಳ ನಡುವೆ 4 ಮೀಟರ್ ಇದ್ದು, ಹಿಂದಿನ ಅಚ್ಚಿನಿಂದ 2 ಮೀಟರ್ ಹಿಂದೆ 800 ಕಿಲೋಗ್ರಾಂ ತೂಗುಹಾಕಿದರೆ, ಮುಂದಿನ ಗಾಲಿಗಳ ಮೇಲಿನ ಭಾರ 400 ಕಿಲೋಗ್ರಾಂ ಕಡಮೆಯಾಗುತ್ತದೆ. ಲಾರಿಯನ್ನು ತಿರುಗಿಸುವ ಗಾಲಿಗಳು ಅವೇ. ಅವು ಹಗುರಾದಷ್ಟೂ ತಿರುವಿನಲ್ಲಿ ಲಾರಿ ಮಾತು ಕೇಳುವುದಿಲ್ಲ. ಇದಲ್ಲದೆ ವಿದ್ಯುತ್ ಕಾರುಗಳನ್ನೂ ನಾಲ್ಕು ಗಾಲಿಗೂ ಚಾಲನೆಯಿರುವ ಕಾರುಗಳನ್ನೂ ಹೀಗೆ ಉರುಳಿಸಿಕೊಂಡು ಹೋಗಲಾಗದು. ವಿದ್ಯುತ್ ಕಾರಿನ ಚಾಲನೆಯ ಗಾಲಿ ನೆಲದ ಮೇಲೆ ಉರುಳಿದರೆ ಅದರ ಮೋಟಾರು ಡೈನಮೊ ಆಗಿ ಕೆಟ್ಟೀತು. ಇವುಗಳಿಗೆ ಹಾಸುಲಾರಿಯೇ ಬೇಕು. ಇದರ ಹಾಸು ಹಿಂದಕ್ಕೆ ಜಾರಿ, ಬಾಗಿ, ನೆಲ ಮುಟ್ಟುತ್ತದೆ. ಕಾರನ್ನು ವಿಂಚಿನಿಂದ ಅದರ ಮೇಲೆ ಸೆಳೆದುಕೊಳ್ಳುತ್ತಾರೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಮುಖ್ಯವಾಗಿ ಕಾರು ಕಾರ್ಖಾನೆಯಿರುವ ಬಿಡದಿಯ ಸುತ್ತ, ಹೊಸ ಕಾರುಗಳನ್ನು ಹೊತ್ತು ಸಾಗುವ ಉದ್ದನೆಯ ಲಾರಿಗಳಲ್ಲಿರುವ ಸಮಸ್ಯೆಯೂ ಇದೇ: ಮೇಲಿರುವ ಕಾರು ಜಾರಬಾರದು. ಸರಕನ್ನು ಬಿಗಿಯುವ ಯೂರೋಪಿನ ಮಾನದಂಡದ ಪ್ರಕಾರ ಕಟ್ಟು ಮುಂದಕ್ಕೆ ಸರಕಿನ ತೂಕದ 0.8ರಷ್ಟನ್ನೂ ಪಕ್ಕಕ್ಕೂ ಹಿಂದಕ್ಕೂ 0.5ರಷ್ಟನ್ನೂ ತಡೆಯಬೇಕು. ಬ್ರೇಕು ಹಾಕಿದಾಗ ಒದಗುವ ಬಲವೇ ಎಲ್ಲಕ್ಕಿಂತ ದೊಡ್ಡದಾದುದರಿಂದ ಮುಂದಕ್ಕೆ ಹೆಚ್ಚು. ಪಟ್ಟಿಯನ್ನು ಕಾರಿನ ಮೈಗಲ್ಲ, ಗಾಲಿಗಳಿಗೆ ಬಿಗಿಯುವುದನ್ನು ಗಮನಿಸಿ. ಮೈ ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ಗುಂಡಿ ಬಂದಾಗ ಅದು ಕುಗ್ಗಿದರೆ ಪಟ್ಟಿ ಸಡಿಲಾಗಿ ಕೊಕ್ಕೆ ಕಳಚಬಹುದು.

ಬಸ್ಸಿನಂಥ ಭಾರಿ ಬಂಡಿಗಳ ವಿಷಯ ಬೇರೆಯೇ. 2018ರ ನವೆಂಬರ್ 24ರಂದು ಇದೇ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು; ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ನೀರಿನಿಂದ ಬಸ್ಸನ್ನು ಎತ್ತುವುದು ಏಕೆ ಕಠಿನ? 7 ಮೀಟರ್ ಉದ್ದ, 2 ಮೀಟರ್ ಅಗಲದ ಒಳಜಾಗದಲ್ಲಿ ಒಂದೇ ಮೀಟರ್ ನೀರು ನಿಂತಿದ್ದರೂ ಆ ನೀರಿನ ತೂಕ 14 ಟನ್. ನೀರೊಳಗೆ ಇರುವತನಕ ಈ ಭಾರ ತಿಳಿಯುವುದಿಲ್ಲ. ಬಸ್ಸು ಮೇಲೆದ್ದಂತೆ ಒಮ್ಮೆಗೇ ಕ್ರೇನಿನ ಮೇಲೆ ಬೀಳುತ್ತದೆ. ಆದಕಾರಣ ನೀರು ಸೋರಿಹೋಗುವಷ್ಟು ಸಾವಕಾಶವಾಗಿ ಎತ್ತಬೇಕು. ಎತ್ತುವ ಎರಡು ಹಗ್ಗಗಳ ನಡುವಣ ಕೋನವೂ ಮುಖ್ಯ. ಕೋನ 60 ಡಿಗ್ರಿ ಇದ್ದರೆ ಒಂದೊಂದು ಹಗ್ಗಕ್ಕೂ ಭಾರದ 0.58 ಪಾಲು ಬರುತ್ತದೆ. 120 ಡಿಗ್ರಿಗೆ ಹಿಗ್ಗಿದರೆ ಒಂದೊಂದೂ ಪೂರ್ತಿ ಭಾರವನ್ನು ಹೊರಬೇಕಾಗುತ್ತದೆ, ಎರಡು ಹಗ್ಗ ಕಟ್ಟಿದ ಲಾಭವೇ ಇಲ್ಲ.

ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸನ್ನು ಎಳೆಯುವಾಗ ಇನ್ನೊಂದು ತೊಡಕು. ಗಾಳಿಯ ಬ್ರೇಕುಳ್ಳ ಬಸ್ಸಿನ ಹಿಂದಿನ ಗಾಲಿಗಳನ್ನು ಬಲವಾದ ಸ್ಪ್ರಿಂಗು ಹಿಡಿದಿರುತ್ತದೆ. ಸಂಪೀಡಿತ ಗಾಳಿ ಆ ಸ್ಪ್ರಿಂಗನ್ನು ಅದುಮಿದರೆ ಮಾತ್ರ ಗಾಲಿ ಬಿಡುತ್ತದೆ. ವಿಂಚಿನಲ್ಲಿ ಕಂಡ ಏರ್ಪಾಡೇ ಇದು. ಗಾಳಿ ಸೋರಿಹೋದ ಬಸ್ಸು ಬೆಟ್ಟದ ಇಳಿಜಾರಿನಲ್ಲೂ ಕದಲದೆ ನಿಲ್ಲುತ್ತದೆ. ಅದನ್ನು ಸಾಗಿಸಲು ಟೋಯಿಂಗ್ ಲಾರಿಯಿಂದ ಕೊಳವೆಯ ಮೂಲಕ ಗಾಳಿ ತುಂಬುತ್ತಾರೆ. ಕೊಳವೆ ಹರಿದರೆ ಬ್ರೇಕು ಮತ್ತೆ ಬೀಳುತ್ತದೆ. ಗಾಳಿ ನಿಲ್ಲದಷ್ಟು ಕೆಟ್ಟಿದ್ದರೆ ಬ್ರೇಕಿನ ಡಬ್ಬಿಯ ಹಿಂದಿನ ಬೋಲ್ಟನ್ನು ತಿರುಗಿಸಿ ಸ್ಪ್ರಿಂಗನ್ನು ಅದುಮಿಡುವುದೊಂದೇ ದಾರಿ. ಅಲ್ಲಿಂದಾಚೆಗೆ ಬಸ್ಸಿಗೆ ತನ್ನದೆಂಬ ಯಾವ ಹಿಡಿತವೂ ಉಳಿಯುವುದಿಲ್ಲ. ಆದ್ದರಿಂದ ಬೋಲ್ಟಿಗೆ ಕೈ ಹಾಕುವ ಮೊದಲು ಎಳೆಯುವ ಸರಳು ಎರಡೂ ಕಡೆ ಭದ್ರವಾಗಿ ಜೋಡಿಯಾಗಿರಬೇಕು. ಗಾಲಿಗಳಿಗೆ ಮರದ ಬೆಣೆ ಕೊಟ್ಟಿರಬೇಕು, ತೇರಿಗೆ ಕೊಡುವಂತೆಯೇ.